ಮೆಟ್ಟಿಲ ಬುಡದ ಸಾವು ಬೆಂಗಳೂರಿನ ಕೋರ್ಟಿಗೆ ಬಂದಿದ್ದರೆ?

ಪ್ರಶ್ನೆ: ನಾನು, ನನ್ನ ಮಗಳು ಸೇರಿ ‘ದಿ ಸ್ಟೇರ್‌ಕೇಸ್’ ಅನ್ನುವ ಸಾಕ್ಷ್ಯಚಿತ್ರ ಸರಣಿ ನೋಡಿದೆವು. ಅಮೆರಿಕದ ಕಾದಂಬರಿಕಾರ ಮೈಕಲ್ ಪೀಟರ್ಸನ್ ಹೆಂಡತಿಯನ್ನು ಕೊಂದ ಆರೋಪದ ವಿಚಾರಣೆಯ ಕಥೆ ಅದು. 13 ಕಂತು ಮುಗಿದರೂ ನಮ್ಮಿಬ್ಬರ ವಾದ ಮುಗಿದಿಲ್ಲ. ಅವನೇ ಕೊಂದಿದ್ದಾನೆ ಅಂತ ನಾನು, ಪಾಪ, ಅವನು ನಿರಪರಾಧಿ ಅಂತ ಮಗಳು. ಇದೇ ಕೇಸು ನಮ್ಮ ಬೆಂಗಳೂರಿನಲ್ಲಿ ನಡೆದಿದ್ದರೆ ಏನಾಗುತ್ತಿತ್ತು? ನಮ್ಮ ಕೋರ್ಟಿನಲ್ಲೂ ಹೀಗೆ ಕ್ಯಾಮೆರಾ ಇಟ್ಟು ವಿಚಾರಣೆ ತೋರಿಸಬಹುದಲ್ವಾ?
— ರಾಜಾಜಿನಗರದ ಓದುಗರೊಬ್ಬರು

ಕ್ರಿಮಿನಲ್ ವಕೀಲರ ಉತ್ತರ:

ನಿಮ್ಮಿಬ್ಬರ ವಾದದಿಂದಲೇ ಶುರು ಮಾಡುತ್ತೇನೆ. ಕೊಂದನೋ ಇಲ್ಲವೋ ಅಂತ ನೀವಿಬ್ಬರೂ ಕೇಳುತ್ತಿದ್ದೀರಿ. ಕೋರ್ಟು ಕೇಳುವುದು ಬೇರೆ. ಕೊಂದಿದ್ದಾನೆ ಅಂತ ಪ್ರಾಸಿಕ್ಯೂಷನ್ ಸಾಬೀತು ಮಾಡಿತಾ? ಅಷ್ಟೇ. ಈ ಎರಡು ಪ್ರಶ್ನೆಗಳ ನಡುವೆ ತುಂಬ ಅಂತರ ಇದೆ. ಇಂಥ ಸರಣಿಗಳು ನಮ್ಮನ್ನು ಕೂರಿಸಿಕೊಂಡು ಕಾಡುವುದು ಆ ಅಂತರದಲ್ಲೇ.

ಸರಣಿ ನೋಡದವರಿಗಾಗಿ ಕೇಸನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2001ರ ಡಿಸೆಂಬರ್ 9ರ ನಸುಕಿನಲ್ಲಿ, ನಾರ್ತ್ ಕೆರೊಲಿನಾದ ಡರ್ಹಮ್ ಊರಿನ ಮನೆಯೊಂದರ ಮೆಟ್ಟಿಲ ಬುಡದಲ್ಲಿ ಕ್ಯಾಥ್ಲೀನ್ ಪೀಟರ್ಸನ್ ರಕ್ತದ ನಡುವೆ ಬಿದ್ದಿದ್ದರು. ಮೆಟ್ಟಿಲಿನಿಂದ ಬಿದ್ದಳು ಅಂತ ಗಂಡನೇ ಫೋನ್ ಮಾಡಿ ಹೇಳಿದ. ತಲೆಯ ಹಿಂಭಾಗದಲ್ಲಿ ಏಳು ಸೀಳುಗಾಯ ಇದ್ದವು. ಆದರೆ ತಲೆಬುರುಡೆ ಒಡೆದಿರಲಿಲ್ಲ. ಮನೆಯಲ್ಲಿ ಆಗ ಇದ್ದದ್ದು ಅವರಿಬ್ಬರೇ. 2003ರ ಜುಲೈಯಿಂದ ಅಕ್ಟೋಬರ್‌ವರೆಗೆ ಸಾಕ್ಷಿ, ವಾದ ಎಲ್ಲ ನಡೆದು, ಜ್ಯೂರಿ, ಅಂದರೆ ತೀರ್ಪು ಹೇಳಲು ಆರಿಸಿದ ಹನ್ನೆರಡು ಸಾಮಾನ್ಯ ಜನ, ಅವನನ್ನು ಅಪರಾಧಿ ಅಂದಿತು. ಜೀವಾವಧಿ ಶಿಕ್ಷೆಯಾಯಿತು. ರಕ್ತದ ಕಲೆಗಳ ಬಗ್ಗೆ ಸಾಕ್ಷಿ ಹೇಳಿದ್ದ ಸರ್ಕಾರಿ ತಜ್ಞ ತನ್ನ ಅನುಭವದ ಬಗ್ಗೆ ಜ್ಯೂರಿಗೆ ತಪ್ಪು ಚಿತ್ರ ಕೊಟ್ಟಿದ್ದ ಅಂತ ಆಮೇಲೆ ಗೊತ್ತಾಯಿತು. 2011ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಧೀಶರು ಹೊಸ ವಿಚಾರಣೆಗೆ ಆದೇಶ ಮಾಡಿದರು. ಆ ವಿಚಾರಣೆ ನಡೆಯಲೇ ಇಲ್ಲ. 2017ರ ಫೆಬ್ರುವರಿಯಲ್ಲಿ ಪೀಟರ್ಸನ್ ‘ಆಲ್ಫರ್ಡ್ ಪ್ಲೀ’ ಮಾಡಿಕೊಂಡ. ಅಂದರೆ, ನಾನು ತಪ್ಪು ಮಾಡಿಲ್ಲ, ಆದರೆ ನನ್ನನ್ನು ಶಿಕ್ಷಿಸಲು ಸಾಕಾಗುವಷ್ಟು ಸಾಕ್ಷ್ಯ ನಿಮ್ಮ ಬಳಿ ಇದೆ ಅಂತ ಒಪ್ಪುತ್ತೇನೆ ಅನ್ನುವ ಥರದ್ದು. ಕೊಲೆಗಿಂತ ಕಡಿಮೆ ಅಪರಾಧಕ್ಕೆ ಶಿಕ್ಷೆಯಾಗಿ, ಆಗಲೇ ಕಳೆದಿದ್ದ ಜೈಲುವಾಸ ಅದಕ್ಕೆ ವಜಾ ಆಗಿ, ಮನೆಗೆ ಹೋದ.

ಈ ಕೊನೆಯ ಭಾಗ ನಮ್ಮಲ್ಲಿ ಆಗುವುದು ಸಾಧ್ಯವೇ ಇಲ್ಲ. ನಮ್ಮಲ್ಲೂ 2006ರಿಂದ ಪ್ಲೀ ಬಾರ್ಗೇನಿಂಗ್, ಅಂದರೆ ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ರಾಜಿಯಾಗುವ ಪದ್ಧತಿ, ಇದೆ. ಆದರೆ ಏಳು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳಿಗೆ ಅದು ಸಿಗುವುದಿಲ್ಲ. ಕೊಲೆ ಕೇಸಿನಲ್ಲಿ ‘ತಪ್ಪು ಮಾಡಿಲ್ಲ, ಆದರೂ ಒಪ್ಪುತ್ತೇನೆ’ ಅನ್ನುವ ಮಧ್ಯದ ದಾರಿ ಇಲ್ಲ. ಶಿಕ್ಷೆ, ಇಲ್ಲವೇ ಖುಲಾಸೆ.

ಜ್ಯೂರಿಯೂ ಇಲ್ಲ. 1959ರಲ್ಲಿ ಬಾಂಬೆಯಲ್ಲಿ ನೌಕಾಪಡೆ ಅಧಿಕಾರಿ ನಾನಾವತಿಯ ಕೊಲೆ ಕೇಸಿನಲ್ಲಿ ಜ್ಯೂರಿ ಎಂಟಕ್ಕೆ ಒಂದರಂತೆ ‘ತಪ್ಪಿತಸ್ಥನಲ್ಲ’ ಅಂದಾಗ ಸೆಷನ್ಸ್ ನ್ಯಾಯಾಧೀಶರೇ ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟ್ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ಕೊನೆಯ ಜ್ಯೂರಿ ವಿಚಾರಣೆ ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿಯಲ್ಲ. ಆಮೇಲೂ ಕೆಲವು ಕಡೆ ನಡೆದವು. ಕ್ರಿಮಿನಲ್ ಕೇಸುಗಳಲ್ಲಿ ಜ್ಯೂರಿ ಕಾನೂನಿನಿಂದಲೇ ಹೋದದ್ದು 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದಾಗ. ಹಾಗಾಗಿ ಡರ್ಹಮ್‌ನಲ್ಲಿ ಹನ್ನೆರಡು ಜನರ ಮನಸ್ಸು ಗೆಲ್ಲಲು ನಡೆದ ಆ ಮಾತಿನ ವೈಖರಿ ನಮ್ಮಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಬ್ಬ ನ್ಯಾಯಾಧೀಶರು, ಮತ್ತು ಅವರು ತೀರ್ಪಿನಲ್ಲಿ ಕಾರಣಗಳನ್ನು ಬರೆಯಲೇಬೇಕು. ಜ್ಯೂರಿ ಯಾಕೆ ಹಾಗೆ ಅಂದಿತು ಅಂತ ಹೇಳಬೇಕಾಗಿಲ್ಲ. ನಮ್ಮ ಸೆಷನ್ಸ್ ಜಡ್ಜ್ ಹೇಳಬೇಕು, ಪುಟಗಟ್ಟಲೆ. ನನ್ನ ಪ್ರಕಾರ ಇದು ನಮ್ಮ ಪದ್ಧತಿಯ ದೊಡ್ಡ ಬಲ.

ಈಗ ಕೇಸನ್ನು ಇಲ್ಲಿಗೇ ತರೋಣ. ಜಯನಗರದ ಒಂದು ಮನೆ ಅಂದುಕೊಳ್ಳಿ. ನಡುರಾತ್ರಿ, ಗಂಡ ಹೆಂಡತಿ ಇಬ್ಬರೇ. ಹೆಂಡತಿ ಮೆಟ್ಟಿಲ ಕೆಳಗೆ ಸತ್ತಿದ್ದಾಳೆ. ಪೊಲೀಸರು ಮೊದಲು ಕೊಲೆ ಅಂತ ಬರೆದುಕೊಳ್ಳದೆ ಇರಬಹುದು. ಯುಡಿಆರ್ ಆಗುತ್ತದೆ, ಅಂದರೆ ಅಸಹಜ ಸಾವಿನ ವರದಿ. ಶವದ ಮಹಜರು ನಡೆದು, ಪೋಸ್ಟ್‌ಮಾರ್ಟಂಗೆ ವಿಕ್ಟೋರಿಯಾಗೋ ಬೌರಿಂಗ್‌ಗೋ ಹೋಗುತ್ತದೆ. ಡಾಕ್ಟರು ಗಾಯಗಳನ್ನು ನೋಡಿ, ಇವು ಬಿದ್ದು ಆದವಲ್ಲ ಅಂದರೆ ಆಗ ಕೊಲೆ ಕೇಸು, ಈಗಿನ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ. ಹಳೆಯ 302 ಅಂದರೆ ಎಲ್ಲರಿಗೂ ಬೇಗ ಅರ್ಥವಾಗುತ್ತದೆ.

ಇಲ್ಲಿ ನಿಮ್ಮಂಥವರೆಲ್ಲ ಕೇಳುವ ಮಾತು ಒಂದಿದೆ. ‘ಮನೆಯಲ್ಲಿ ಇದ್ದವನು ಅವನೊಬ್ಬನೇ ತಾನೆ? ಏನಾಯಿತು ಅಂತ ಅವನೇ ಹೇಳಬೇಕಲ್ಲ?’ ಕಾನೂನಿನಲ್ಲೂ ಆ ಮಾತಿಗೆ ಜಾಗ ಇದೆ. ಒಬ್ಬನಿಗೆ ಮಾತ್ರ ಗೊತ್ತಿರುವ ವಿಷಯವನ್ನು ವಿವರಿಸುವ ಹೊಣೆ ಅವನದೇ. ಹಳೆಯ ಸಾಕ್ಷ್ಯ ಅಧಿನಿಯಮದ 106ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 109. ನಾಲ್ಕು ಗೋಡೆಯೊಳಗೆ ಹೆಂಡತಿ ಸತ್ತಾಗ ಗಂಡ ಬಾಯಿ ಮುಚ್ಚಿಕೊಂಡು ಕೂತರೆ, ಅಥವಾ ಸುಳ್ಳು ವಿವರಣೆ ಕೊಟ್ಟರೆ, ಅದೇ ಅವನ ವಿರುದ್ಧದ ಒಂದು ಕೊಂಡಿ ಆಗುತ್ತದೆ ಅಂತ 2006ರ ತ್ರಿಮುಖ ಮಾರೋತಿ ಕಿರ್ಕನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದರೆ ಈ ಕಲಂ ಬಳಸುವ ಮೊದಲು ಒಂದು ಮೆಟ್ಟಿಲು ಹತ್ತಬೇಕು. ಅದು ಕೊಲೆಯೇ ಅಂತ ಪ್ರಾಸಿಕ್ಯೂಷನ್ ಮೊದಲು ತೋರಿಸಬೇಕು. 1956ರಷ್ಟು ಹಿಂದೆಯೇ ಶಂಭುನಾಥ ಮೆಹ್ರಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತ್ತು: ಈ ಕಲಂ ಇದೆ ಅಂತ ಪ್ರಾಸಿಕ್ಯೂಷನ್ ತನ್ನ ಹೊಣೆ ಇಳಿಸಿಕೊಳ್ಳುವ ಹಾಗಿಲ್ಲ. ಪೀಟರ್ಸನ್ ಕೇಸಿನ ಇಡೀ ಗಂಟು ಇರುವುದು ಇಲ್ಲೇ. ಯಾರು ಕೊಂದರು ಅನ್ನುವುದು ಎರಡನೆಯ ಮಾತು. ಕೊಲೆ ಆಗಿದೆಯಾ ಅನ್ನುವುದೇ ಮೊದಲ ಮಾತು.

ಇದಕ್ಕೆ ತೀರಾ ಹತ್ತಿರದ ನಮ್ಮದೇ ಕೇಸು 1984ರ ಶರದ್ ಬಿರ್ಧಿಚಂದ್ ಸಾರ್ಡಾ. ಪುಣೆಯಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಗಳು ಸಯನೈಡ್‌ನಿಂದ ಸತ್ತಳು. ಗಂಡನೇ ಕೊಟ್ಟನಾ, ಅವಳೇ ತೆಗೆದುಕೊಂಡಳಾ? ಕೆಳಗಿನ ಕೋರ್ಟು ಮರಣದಂಡನೆ ಕೊಟ್ಟಿತ್ತು, ಹೈಕೋರ್ಟೂ ಒಪ್ಪಿತ್ತು. ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಸಾಂದರ್ಭಿಕ ಸಾಕ್ಷ್ಯದ ಕೇಸಿನಲ್ಲಿ ಸರಪಳಿ ಪೂರ್ತಿ ಇರಬೇಕು, ಆರೋಪಿಯ ಅಪರಾಧ ಬಿಟ್ಟರೆ ಬೇರೆ ಯಾವ ಊಹೆಗೂ ಎಡೆ ಇರಬಾರದು, ಎರಡು ಸಾಧ್ಯತೆ ಇದ್ದರೆ ಆರೋಪಿಗೆ ಅನುಕೂಲವಾದದ್ದನ್ನೇ ತೆಗೆದುಕೊಳ್ಳಬೇಕು ಅಂತ ಆ ತೀರ್ಪು ಹೇಳುತ್ತದೆ. ಇವತ್ತಿಗೂ ಬೆಂಗಳೂರಿನ ಯಾವ ಸೆಷನ್ಸ್ ಕೋರ್ಟಿನಲ್ಲಿ ವಾದ ಕೇಳಿದರೂ ಈ ಹೆಸರು ಕಿವಿಗೆ ಬಿದ್ದೇ ಬೀಳುತ್ತದೆ.

ಈ ಅಳತೆ ಇಟ್ಟು ನೋಡಿದರೆ ನನ್ನ ಅಭಿಪ್ರಾಯ ಇಷ್ಟು. ರಕ್ತದ ಕಲೆಯ ತಜ್ಞನ ಸಾಕ್ಷಿ ತೆಗೆದುಹಾಕಿದರೆ, ಪೀಟರ್ಸನ್‌ಗೆ ಸಂಶಯದ ಲಾಭ ಸಿಗಬೇಕಿತ್ತು. ಏಳು ಗಾಯ ಬಿದ್ದು ಆಗುತ್ತವಾ ಅನ್ನುವುದು ಗಟ್ಟಿ ಅನುಮಾನ. ಹೊಡೆದಿದ್ದರೆ ಬುರುಡೆ ಯಾಕೆ ಒಡೆಯಲಿಲ್ಲ ಅನ್ನುವುದೂ ಅಷ್ಟೇ ಗಟ್ಟಿ. ಇದೇ ಆಯುಧ ಇರಬಹುದು, ಕಾಣೆಯಾಗಿದೆ ಅಂದಿದ್ದ ಒಲೆಯ ಲೋಹದ ಕೊಳವೆ ವಿಚಾರಣೆಯ ಕೊನೆಯಲ್ಲಿ ಅದೇ ಮನೆಯ ಗ್ಯಾರೇಜಿನಲ್ಲಿ ಸಿಕ್ಕಿತು. ಹಾಗಂತ ನಿಮ್ಮ ಮಗಳು ಗೆದ್ದಳು ಅಂತಲ್ಲ. ಸಂಶಯದ ಲಾಭ ಕೊಟ್ಟರೆ ನಿರಪರಾಧಿ ಅಂತ ಪ್ರಮಾಣಪತ್ರ ಕೊಟ್ಟ ಹಾಗಲ್ಲ. ಖುಲಾಸೆಯಾದ ಎಷ್ಟೋ ಕಕ್ಷಿದಾರರ ಮನೆಯವರಿಗೆ ಇದನ್ನು ವಿವರಿಸುವುದೇ ನನ್ನ ಕೆಲಸದಲ್ಲಿ ಕಷ್ಟದ ಭಾಗ.

ಆ ತಜ್ಞನ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ನಮಗೆ ಅದರಲ್ಲಿ ದೊಡ್ಡ ಪಾಠ ಇದೆ. ಅಲ್ಲಿ ತಜ್ಞ ಬಂದು ಸಾಕ್ಷಿ ಕಟ್ಟೆಯಲ್ಲಿ ಕೂತ. ಎದುರು ವಕೀಲರು ಗಂಟೆಗಟ್ಟಲೆ ಕೇಳಿದರು. ಆಗ ಸುಳ್ಳು ಬಯಲಾಗಲಿಲ್ಲ. ಆದರೆ ಅವನು ಪ್ರಮಾಣ ಮಾಡಿ ಹೇಳಿದ ಒಂದೊಂದು ಮಾತೂ ದಾಖಲೆಯಲ್ಲಿ ಉಳಿಯಿತು. ಮುಂದೆ ಬೇರೆ ಕೇಸಿನಿಂದಾಗಿ ಆ ಲ್ಯಾಬಿನ ಕೆಲಸದ ತನಿಖೆ ಆದಾಗ, ಹಳೆಯ ಮಾತನ್ನು ಎದುರಿಗಿಟ್ಟು ಹೋಲಿಸಲು ಸಾಧ್ಯವಾಯಿತು. ನಮ್ಮಲ್ಲಿ ಸರ್ಕಾರಿ ಪ್ರಯೋಗಾಲಯದ ವರದಿಯನ್ನು ತಜ್ಞರನ್ನು ಕರೆಸದೆಯೇ ಸಾಕ್ಷ್ಯವಾಗಿ ಗುರುತು ಮಾಡಲು ಕಾನೂನಿನಲ್ಲಿ ಅವಕಾಶ ಇದೆ. ಬೇಕಾದರೆ ಕರೆಸಿ ಅಂತ ಕೇಳುವ ಹಕ್ಕು ಆರೋಪಿಯ ಕಡೆಯವರಿಗೆ ಇದೆ. ಕೇಳದೇ ಬಿಡುವುದೂ ಇದೆ. ಮಡಿವಾಳದ ಎಫ್‌ಎಸ್‌ಎಲ್‌ನಿಂದ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯದಿಂದ, ಬಂದ ಎರಡು ಪುಟ, ‘ಬಟ್ಟೆಯ ಮೇಲೆ ಮನುಷ್ಯರ ರಕ್ತ ಕಂಡುಬಂದಿದೆ’ ಅನ್ನುವ ಒಂದು ಸಾಲು, ಮುಗಿಯಿತು. ಯಾವ ಪರೀಕ್ಷೆ ಮಾಡಿದರು, ಮಾದರಿ ಎಷ್ಟು ದಿನ ಸ್ಟೇಷನ್ನಿನಲ್ಲಿ ಇತ್ತು, ಸೀಲು ಯಾರ ಕೈಯಲ್ಲಿತ್ತು, ಇದನ್ನೆಲ್ಲ ಯಾರೂ ಕೇಳಲಿಲ್ಲ ಅಂದರೆ ತಪ್ಪು ಇದ್ದರೂ ಹತ್ತು ವರ್ಷದ ಮೇಲೆ ಹಿಡಿಯಲು ಏನೂ ಉಳಿದಿರುವುದಿಲ್ಲ. ಕಿರಿಯ ವಕೀಲರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ: ತಜ್ಞರನ್ನು ಕರೆಸಿ, ಪಾಟಿ ಸವಾಲು ಮಾಡಿ, ಉತ್ತರ ದಾಖಲಾಗಲಿ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವಿಡಿಯೊ ಮಾಡಬೇಕು ಅಂತ ಇದೆ. ರಾಜ್ಯಗಳಿಗೆ ಇದನ್ನು ಪೂರ್ತಿ ಜಾರಿ ಮಾಡಲು ಐದು ವರ್ಷದ ಗಡುವು ಕೊಟ್ಟಿದ್ದಾರೆ. ಒಳ್ಳೆಯದು. ಮೆಟ್ಟಿಲ ಮೇಲಿನ ರಕ್ತದ ಕಲೆಯಂಥ ಸಾಕ್ಷ್ಯಕ್ಕೆ ಮೊದಲ ಒಂದು ಗಂಟೆಯೇ ಎಲ್ಲ.

‘ಮಂಪರು ಪರೀಕ್ಷೆ ಮಾಡಿಸಿದ್ದರೆ ಸತ್ಯ ಬರುತ್ತಿತ್ತಲ್ವಾ?’ ಅಂತಲೂ ಯಾರಾದರೂ ಕೇಳಿಯೇ ಕೇಳುತ್ತಾರೆ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಅದಕ್ಕೆ ಉತ್ತರ. ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಅವರು ಹೇಳಿದ್ದು ಸಾಕ್ಷ್ಯ ಅಲ್ಲ.

ಈಗ ಕ್ಯಾಮೆರಾ ವಿಷಯ. ನಮ್ಮ ಹೈಕೋರ್ಟು 2021ರಲ್ಲೇ ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಶುರು ಮಾಡಿತು, ಅದಕ್ಕೆ ನಿಯಮಗಳೂ ಬಂದವು. ಅಲ್ಲಿ ನಡೆಯುವುದು ಮುಖ್ಯವಾಗಿ ವಕೀಲರ ವಾದ. ಸಾಕ್ಷಿಗಳು ಬಂದು ನಿಲ್ಲುವುದು ಕೆಳಗಿನ ಕೋರ್ಟಿನಲ್ಲಿ, ಅಲ್ಲಿನ ಕೊಲೆ ವಿಚಾರಣೆ ಪ್ರಸಾರ ಆಗುವುದಿಲ್ಲ. ಆಗಬಾರದು ಅಂತಲೇ ನನ್ನ ನಿಲುವು.

ಯಾಕೆ ಅಂತ ಹೇಳುತ್ತೇನೆ. ಡರ್ಹಮ್‌ನಲ್ಲಿ ವಿಚಾರಣೆ ಕೆಲವೇ ತಿಂಗಳಲ್ಲಿ ಮುಗಿಯಿತು. ನಮ್ಮಲ್ಲಿ ದಿನವೂ ಬಿಡದೆ ನಡೆಸಿ ಅಂತ ಕಾನೂನು ಹೇಳುತ್ತದೆ, ವಾಯಿದೆ ಮೇಲೆ ವಾಯಿದೆ ಬೀಳುತ್ತಲೇ ಇರುತ್ತದೆ. ಮೊದಲ ಸಾಕ್ಷಿಗೂ ಹತ್ತನೇ ಸಾಕ್ಷಿಗೂ ನಡುವೆ ವರ್ಷ ಕಳೆದಿರಬಹುದು. ಒಬ್ಬ ಸಾಕ್ಷಿ ಹೇಳುವಾಗ ಉಳಿದವರನ್ನು ಹಾಲ್‌ನಿಂದ ಹೊರಗೆ ಕಳಿಸುತ್ತೇವೆ, ಒಬ್ಬರ ಮಾತು ಕೇಳಿ ಇನ್ನೊಬ್ಬರು ತಮ್ಮದನ್ನು ಸರಿಮಾಡಿಕೊಳ್ಳಬಾರದು ಅಂತ. ಪ್ರಸಾರ ಆದರೆ ಹತ್ತನೇ ಸಾಕ್ಷಿ ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ಎಲ್ಲ ನೋಡಿರುತ್ತಾನೆ. ಇನ್ನು ಸಾಕ್ಷಿಗೆ ಹೆದರಿಕೆ. ಮಹಜರಿಗೆ ಸಹಿ ಹಾಕಿದ ಪಕ್ಕದ ಅಂಗಡಿಯವರು ಈಗಲೇ ‘ನನಗೇನೂ ಗೊತ್ತಿಲ್ಲ, ಸ್ಟೇಷನ್ನಿನಲ್ಲಿ ಸಹಿ ಹಾಕಿಸಿಕೊಂಡರು’ ಅಂತ ಹೋಸ್ಟೈಲ್ ಆಗಿಬಿಡುತ್ತಾರೆ. ಅವರ ಮುಖ ಊರಿಗೆಲ್ಲ ಕಂಡರೆ ಯಾರು ಬರುತ್ತಾರೆ ಹೇಳಿ.

ಆದರೆ ಕೋರ್ಟಿನ ಸ್ವಂತ ಬಳಕೆಗೆ ಸಾಕ್ಷಿಯ ವಿಡಿಯೊ ದಾಖಲೆ ಮಾಡಿ ಇಡಬೇಕು ಅಂತ ನಾನು ಬಲವಾಗಿ ಹೇಳುತ್ತೇನೆ. ನಮ್ಮಲ್ಲಿ ಸಾಕ್ಷಿ ದಾಖಲಾಗುವ ರೀತಿ ನೋಡಿ. ವಕೀಲರು ಕೇಳಿದ ಪ್ರಶ್ನೆ ಸಾಮಾನ್ಯವಾಗಿ ದಾಖಲೆಗೆ ಬರುವುದೇ ಇಲ್ಲ. ‘ಆ ದಿನ ನಾನು ಸ್ಥಳದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ. ಆರೋಪಿಯ ಮೇಲಿನ ದ್ವೇಷದಿಂದ ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.’ ಹೀಗೆ ಉತ್ತರದ ಸಾಲುಗಳು ಮಾತ್ರ ಟೈಪ್ ಆಗುತ್ತವೆ. ಆ ಉತ್ತರಕ್ಕೆ ಮುಂಚೆ ಸಾಕ್ಷಿ ಎಷ್ಟು ಹೊತ್ತು ತಡವರಿಸಿದ, ಯಾರ ಕಡೆ ತಿರುಗಿ ನೋಡಿದ, ಅದೆಲ್ಲ ಆ ಹಾಲ್‌ನಲ್ಲೇ ಕರಗಿಹೋಗುತ್ತದೆ. ಸಾಕ್ಷಿಯ ವರ್ತನೆಯ ಬಗ್ಗೆ ಟಿಪ್ಪಣಿ ಬರೆಯಲು ಜಡ್ಜ್‌ಗೆ ಅಧಿಕಾರ ಇದೆ, ಬರೆಯುವುದು ಅಪರೂಪ. ಅಷ್ಟರಲ್ಲಿ ಜಡ್ಜ್‌ಗೆ ವರ್ಗವಾಗುತ್ತದೆ. ತೀರ್ಪು ಬರೆಯುವವರು ಮುಖ್ಯ ಸಾಕ್ಷಿಯನ್ನು ಕಣ್ಣಿಂದ ನೋಡಿಯೇ ಇರುವುದಿಲ್ಲ. ‘ದಿ ಸ್ಟೇರ್‌ಕೇಸ್’ ನೋಡುವಾಗ ನನಗೆ ಹೊಟ್ಟೆಕಿಚ್ಚಾದದ್ದು ಇದೊಂದಕ್ಕೇ.

ಇನ್ನು ಆ ಕ್ಯಾಮೆರಾ ಇದ್ದದ್ದು ಎಲ್ಲಿ ಅಂತಲೂ ನೆನಪಿಸಿಕೊಳ್ಳಿ. ಬಹುಪಾಲು ಡಿಫೆನ್ಸ್ ಕಡೆಯ ಕೋಣೆಯಲ್ಲಿ. ಊಟದ ಮೇಜಿನಲ್ಲಿ, ಮಕ್ಕಳ ಜೊತೆ, ವಕೀಲರ ತಯಾರಿಯಲ್ಲಿ ಪೀಟರ್ಸನ್ ನಮಗೆ ಪರಿಚಿತನಾಗುತ್ತಾನೆ. ಪರಿಚಿತರನ್ನು ಕೊಲೆಗಾರ ಅಂತ ನಂಬಲು ಮನಸ್ಸು ಒಪ್ಪುವುದಿಲ್ಲ. ಸರಣಿಯ ಸಂಕಲನಕಾರರಲ್ಲಿ ಒಬ್ಬರಿಗೆ ಜೈಲಿನಲ್ಲಿದ್ದ ಪೀಟರ್ಸನ್ ಜೊತೆ ಪ್ರೇಮ ಸಂಬಂಧ ಬೆಳೆಯಿತು ಅಂತ ನಿರ್ದೇಶಕರೇ ಆಮೇಲೆ ಹೇಳಿದರು. ಸಂಕಲನದ ಮೇಲೆ ಅದರ ಪರಿಣಾಮ ಆಗಿಲ್ಲ ಅಂತಲೂ ಹೇಳಿದರು. ಇರಬಹುದು. ಕ್ಯಾಥ್ಲೀನ್ ಕಡೆಯ ಮಗಳು, ಅಕ್ಕತಂಗಿಯರು ಎಷ್ಟು ಹೊತ್ತು ಪರದೆಯ ಮೇಲೆ ಇದ್ದರು ಅಂತ ಒಮ್ಮೆ ಯೋಚಿಸಿ. ಸತ್ತ ಹೆಂಗಸು 13 ಕಂತಿನಲ್ಲಿ ಹೇಗಿದ್ದರು, ಏನು ಕೆಲಸ ಮಾಡುತ್ತಿದ್ದರು ಅಂತ ನಿಮಗೆ ಎಷ್ಟು ನೆನಪಿದೆ? ನನಗೆ ಇದು ನಿಜವಾಗಿಯೂ ನೋವಿನ ವಿಷಯ.

ನಮ್ಮ ಊರಿನದೇ ಒಂದು ಕೇಸಿನ ಮೇಲೂ ಸಾಕ್ಷ್ಯಚಿತ್ರ ಸರಣಿ ಬಂದಿದೆ. 2023ರ ‘ಡ್ಯಾನ್ಸಿಂಗ್ ಆನ್ ದಿ ಗ್ರೇವ್’. ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕೆರೆ ಖಲೀಲಿ 1991ರಲ್ಲಿ ನಾಪತ್ತೆಯಾದರು. 1994ರಲ್ಲಿ ರಿಚ್ಮಂಡ್ ರಸ್ತೆಯ ಅವರದೇ ಮನೆಯ ಆವರಣ ಅಗೆದಾಗ ಪೆಟ್ಟಿಗೆಯೊಳಗೆ ಅಸ್ಥಿಪಂಜರ ಸಿಕ್ಕಿತು. ಅಪರಾಧಿ ಅವರ ಎರಡನೇ ಗಂಡ, ಶ್ರದ್ಧಾನಂದ ಅನ್ನುವವನು. ಸುಮ್ಮನಿರದೆ ಹುಡುಕಿಸಿದ್ದು ಮಗಳು. ಬಂಧನವಾಗಿ 11 ವರ್ಷದ ಮೇಲೆ, 2005ರಲ್ಲಿ ಸೆಷನ್ಸ್ ಕೋರ್ಟಿನ ತೀರ್ಪು: ಮರಣದಂಡನೆ. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧ ಒಪ್ಪಿ, ಶಿಕ್ಷೆಯ ವಿಷಯದಲ್ಲಿ ಬೇರೆ ಬೇರೆಯಾದರು. 2008ರಲ್ಲಿ ಮೂವರ ಪೀಠ, ಗಲ್ಲು ಬೇಡ, ಆದರೆ ಉಸಿರಿರುವ ತನಕ ಬಿಡುಗಡೆಯೂ ಇಲ್ಲ ಅಂದಿತು. ಹಾಗೆ ಶಿಕ್ಷೆ ಕೊಡುವ ದಾರಿಯನ್ನು ದೇಶಕ್ಕೆಲ್ಲ ಹಾಕಿಕೊಟ್ಟದ್ದು ಈ ಬೆಂಗಳೂರಿನ ಕೇಸು. 2015ರಲ್ಲಿ ಸಂವಿಧಾನ ಪೀಠವೂ ಅದನ್ನು ಒಪ್ಪಿತು.

ಇಲ್ಲಿ ಚಿತ್ರಕ್ಕೂ ಕೋರ್ಟಿಗೂ ಇರುವ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆ ನಮ್ಮಲ್ಲಿ ಸಾಕ್ಷ್ಯವೇ ಅಲ್ಲ. ಟಿವಿಯಲ್ಲಿ ‘ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಅಂತ ಕೆಂಪು ಅಕ್ಷರದಲ್ಲಿ ಓಡುತ್ತಲ್ಲ, ಅದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ. ಅವನ ಹೇಳಿಕೆಯಿಂದಾಗಿ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದ ಮಾತು ಮಾತ್ರ ಲೆಕ್ಕಕ್ಕೆ. ರಿಚ್ಮಂಡ್ ರಸ್ತೆ ಕೇಸಿನಲ್ಲಿ ಆ ಜಾಗ, ಆ ಪೆಟ್ಟಿಗೆ, ಆ ಅಸ್ಥಿಪಂಜರವೇ ಮಾತಾಡಿದವು. ಅಗೆದದ್ದನ್ನು ಪೊಲೀಸರು ವಿಡಿಯೊ ಮಾಡಿಸಿದ್ದರು. ತಲೆಬುರುಡೆಯನ್ನು ಫೋಟೊ ಜೊತೆ ಹೊಂದಿಸಿ ನೋಡಿದರು, ಡಿಎನ್‌ಎ ಪರೀಕ್ಷೆಯೂ ಆಯಿತು. ಸರಣಿಯಲ್ಲಿ ಅಪರಾಧಿಯೂ ಮಾತಾಡಿದ್ದಾನೆ, ತನ್ನದೇ ಕಥೆ ಹೇಳಿದ್ದಾನೆ. ಕೇಳುವಾಗ ಒಂದು ವಿಷಯ ಗಮನದಲ್ಲಿರಲಿ: ಅವನು ಅಲ್ಲಿ ಪ್ರಮಾಣ ಮಾಡಿಲ್ಲ, ಅವನಿಗೆ ಪಾಟಿ ಸವಾಲು ಹಾಕಿದವರೂ ಇಲ್ಲ.

ಈ ಸರಣಿ ಬಂದದ್ದು ಅಪೀಲೆಲ್ಲ ಮುಗಿದ ಮೇಲೆ. ನನಗೆ ಅದು ಸರಿಯಾದ ಕ್ರಮ ಅನ್ನಿಸುತ್ತದೆ. ವಿಚಾರಣೆ ನಡೆಯುತ್ತಿರುವಾಗಲೇ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಮುಂಬೈನ ಶೀನಾ ಬೋರಾ ಕೊಲೆ ಕೇಸಿನ ಸರಣಿ ಇದೆ. 2024ರ ಫೆಬ್ರುವರಿಯಲ್ಲಿ ಸಿಬಿಐ ಅದನ್ನು ತಡೆಯಲು ಬಾಂಬೆ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿಗಳೇ ಸರಣಿ ನೋಡಿ, ಪ್ರಾಸಿಕ್ಯೂಷನ್‌ಗೆ ತೊಂದರೆ ಆಗುವಂಥದ್ದು ಏನೂ ಇಲ್ಲ ಅಂತ ಬಿಡುಗಡೆಗೆ ಒಪ್ಪಿದರು. ಅದು ಆ ಕೇಸಿನ ಮಟ್ಟಿಗೆ ಸರಿ ಇರಬಹುದು. ಇನ್ನೂ ಸಾಕ್ಷಿ ಹೇಳಬೇಕಾದವರು ಅದನ್ನು ನೋಡುತ್ತಾರೆ ಅನ್ನುವ ನನ್ನ ಆತಂಕ ಮಾತ್ರ ಹೋಗಿಲ್ಲ.

ನಿಮಗೂ ಮಗಳಿಗೂ ನನ್ನದೊಂದು ಸಲಹೆ. ಶ್ರದ್ಧಾನಂದ ಕೇಸಿನ 2008ರ ತೀರ್ಪು ಸುಪ್ರೀಂ ಕೋರ್ಟಿನ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಸರಣಿ ನೋಡಿ, ಆಮೇಲೆ ಅದನ್ನು ಓದಿ. ಇಂಗ್ಲಿಷ್ ಸ್ವಲ್ಪ ಭಾರ ಅನ್ನಿಸಬಹುದು, ಮಗಳು ಓದಿ ಹೇಳಲಿ. ಬಿಡುವಾದ ದಿನ ಇಬ್ಬರೂ ಕಾವೇರಿ ಭವನದ ಎದುರಿನ ಸಿಟಿ ಸಿವಿಲ್ ಮತ್ತು ಸೆಷನ್ಸ್ ಕೋರ್ಟಿಗೆ ಬನ್ನಿ. ಕೊಲೆ ಕೇಸಿನ ವಿಚಾರಣೆ ಬಾಗಿಲು ತೆರೆದೇ ನಡೆಯುತ್ತದೆ, ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ಅತ್ಯಾಚಾರ, ಪೋಕ್ಸೊ ಕೇಸುಗಳಿಗೆ ಮಾತ್ರ ಒಳಗೆ ಬಿಡುವುದಿಲ್ಲ. ಬೆಳಿಗ್ಗೆ 11ಕ್ಕೆ ಮೊದಲೇ ಬಂದು, ಯಾವ ಹಾಲ್‌ನಲ್ಲಿ ಇವತ್ತು ಸಾಕ್ಷಿ ಇದೆ ಅಂತ ಬೆಂಚ್ ಕ್ಲರ್ಕ್ ಹತ್ತಿರ ಕೇಳಿ. ಮೊಬೈಲ್ ಆಫ್ ಮಾಡಿಕೊಳ್ಳಿ. ಬಂದ ದಿನ ಸಾಕ್ಷಿ ಬರದೆ ವಾಯಿದೆ ಆಗಿಬಿಟ್ಟರೆ ಬೇಸರ ಬೇಡ, ಪಕ್ಕದ ಹಾಲ್‌ನಲ್ಲಿ ನೋಡಿ.